ಹೋಲ್ಡರ್ ಇಲ್ಲದ ಕ್ಯಾಮರಾ

ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಗ್ರಾಮಫೋನಿನ ಹಿತ್ತಾಳೆ ಕಹಳೆಗೂ ನಿಂತುಹೋದ ಗೋಡೆ ಗಡಿಯಾರಕ್ಕೂ ನಡುವೆ ಅದನ್ನು ಇಟ್ಟಿದ್ದರು. ಕೆಂಪು ಮರದ ಪೆಟ್ಟಿಗೆ, ಮುಂದೆ ಹಿತ್ತಾಳೆಯ ಲೆನ್ಸು, ನಡುವೆ ಮಡಿಕೆ ಮಡಿಕೆಯಾದ ಚರ್ಮದ ತಿದಿ. ನಮ್ಮ ಅಜ್ಜ ಅಜ್ಜಿಯರು ಮದುವೆಯಾದ ಹೊಸತರಲ್ಲಿ, ಒಬ್ಬರು ಕುರ್ಚಿಯಲ್ಲಿ ಕೂತು ಇನ್ನೊಬ್ಬರು ಪಕ್ಕದಲ್ಲಿ ನಿಂತು, ಕಣ್ಣು ಮಿಟುಕಿಸದೆ ಎದುರಿಸಿದ ಯಂತ್ರ ಇಂಥದೇ. ಅಂಗಡಿಯವರು ಅದಕ್ಕೆ ಹೊಸದಾಗಿ ಪಾಲಿಷ್ ಹಾಕಿಸಿದ್ದರು. ಹೋಟೆಲಿನವರು, ಸಿನಿಮಾದವರು ಇಂಥದ್ದನ್ನು ಕೇಳಿಕೊಂಡು ಬರುತ್ತಾರಂತೆ.

'ಇದರ ಜತೆ ಚಪ್ಪಟೆಯಾದ ಮರದ ಡಬ್ಬಿಗಳು ಇರಬೇಕಲ್ಲ, ಪುಸ್ತಕದ ಹಾಗೆ ತೆರೆಯೋವು?' ಎಂದು ಕೇಳಿದೆ.

'ಇದ್ವು ಸಾರ್, ಒಂದು ಮೂರು. ಖಾಲಿ ಡಬ್ಬಿ ಯಾರು ತಗೊಳ್ತಾರೆ ಅಂತ ಗುಜರಿಗೆ ಹಾಕಿಬಿಟ್ವಿ.'

ಆ ಖಾಲಿ ಡಬ್ಬಿಗಳೇ ಪ್ಲೇಟ್ ಹೋಲ್ಡರುಗಳು. ಅವು ಗುಜರಿಗೆ ಹೋದ ದಿನವೇ ಆ ಯಂತ್ರ ಚಿತ್ರ ತೆಗೆಯುವ ಶಕ್ತಿಯನ್ನು ಕಳೆದುಕೊಂಡಿತು. ಉಳಿದದ್ದು ಹೊಳೆಯುವ ಅಲಂಕಾರದ ವಸ್ತು. ಹಳೆಯ ದೊಡ್ಡ ಕ್ಯಾಮರಾಗಳ ಮೇಲೆ ಈಗ ಮತ್ತೆ ಜನರಿಗೆ ಮೋಹ ಹುಟ್ಟಿದೆ. ಆದರೆ ಆ ಮೋಹವೆಲ್ಲ ಹಿತ್ತಾಳೆ ಮತ್ತು ಮರದ ಮೇಲೆ. ಫೋಟೊಗ್ರಫಿಯ ಚರಿತ್ರೆಯನ್ನು ನಿಜಕ್ಕೂ ಹೊತ್ತು ತಂದದ್ದು ಈ ಸಾಮಾನ್ಯ ಡಬ್ಬಿ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ತಲೆಕೆಳಗಾದ ಲೋಕ

ಈ ಕ್ಯಾಮರಾ ಕೆಲಸ ಮಾಡುವ ಬಗೆ ಬಹಳ ಸರಳ. ಮುಂದಿನ ಹಲಗೆಯಲ್ಲಿ ಲೆನ್ಸು, ಹಿಂದಿನ ಚೌಕಟ್ಟಿನಲ್ಲಿ ಒಂದು ಮಬ್ಬುಗಾಜು, ಇವೆರಡರ ನಡುವೆ ಬೆಳಕು ನುಸುಳದಂತೆ ತಿದಿ. ಛಾಯಾಗ್ರಾಹಕರು ಕರಿಬಟ್ಟೆ ಹೊದ್ದು ಒಳಗೆ ತಲೆ ತೂರಿಸಿದಾಗ ಎದುರಿನ ದೃಶ್ಯ ಆ ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಮೂಡುತ್ತದೆ. ತಿದಿಯನ್ನು ಹಿಂದೆ ಮುಂದೆ ಸರಿಸಿ ಚಿತ್ರವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಮಬ್ಬುಗಾಜನ್ನು ಪಕ್ಕಕ್ಕೆ ಸರಿಸಿ, ಅದಿದ್ದ ಜಾಗಕ್ಕೆ ಹೋಲ್ಡರನ್ನು ಕೂರಿಸಬೇಕು. ಹೋಲ್ಡರಿನೊಳಗೆ, ಕತ್ತಲೆಕೋಣೆಯಲ್ಲಿ ಮೊದಲೇ ತುಂಬಿಟ್ಟ ಗಾಜಿನ ಪ್ಲೇಟು ಇರುತ್ತದೆ. ಅದರ ಮುಂದಿನ ಜಾರುಬಾಗಿಲನ್ನು ಎಳೆದು, ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಒಂದು ಎರಡು ಮೂರು ಎಣಿಸಿ, ಮತ್ತೆ ಮುಚ್ಚಳ ಹಾಕಿ, ಬಾಗಿಲನ್ನು ಒಳಗೆ ತಳ್ಳಿದರೆ ಒಂದು ಚಿತ್ರವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಛಾಯಾಗ್ರಾಹಕರು ನೋಡುವುದು ಮಬ್ಬುಗಾಜಿನ ಮೇಲೆ. ಚಿತ್ರ ದಾಖಲಾಗುವುದು ಪ್ಲೇಟಿನ ಮೇಲೆ. ಎರಡೂ ಲೆನ್ಸಿನಿಂದ ಕೂದಲೆಳೆಯೂ ಹೆಚ್ಚುಕಡಿಮೆಯಾಗದಷ್ಟು ಸಮದೂರದಲ್ಲಿರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸವಾದರೂ ಕಣ್ಣಿಗೆ ಸ್ಪಷ್ಟವಾಗಿ ಕಂಡ ಮುಖ ಪ್ಲೇಟಿನಲ್ಲಿ ಮಸುಕಾಗುತ್ತದೆ. ಆದ್ದರಿಂದಲೇ ಹಳೆಯ ಬ್ರಿಟಿಷ್ ತಯಾರಕರು ಹೋಲ್ಡರುಗಳನ್ನು ಆಯಾ ಕ್ಯಾಮರಾಕ್ಕೆ ಹೊಂದುವಂತೆ ಕೈಯಿಂದಲೇ ತೀಡಿ ಕೂರಿಸುತ್ತಿದ್ದರು. ಪುಸ್ತಕದಂತೆ ತೆರೆಯುವ ಒಂದು ಹೋಲ್ಡರಿನಲ್ಲಿ ಎರಡು ಪ್ಲೇಟು, ನಡುವೆ ಕಪ್ಪು ತಗಡು. ಸಾಮಾನ್ಯವಾಗಿ ಕ್ಯಾಮರಾದ ಜತೆ ಇಂಥ ಮೂರು ಹೋಲ್ಡರು ಬರುತ್ತಿದ್ದವು. ಒಂದರಿಂದ ಆರರವರೆಗಿನ ಅಂಕಿಗಳನ್ನು ಅವುಗಳ ಮೇಲೆ ನಮೂದಿಸಿರುತ್ತಿದ್ದರು. ಒಬ್ಬ ತಯಾರಕನ ಹೋಲ್ಡರು ಮತ್ತೊಬ್ಬನ ಕ್ಯಾಮರಾಕ್ಕೆ ಹೊಂದುವ ಭರವಸೆಯಿರಲಿಲ್ಲ. ಬೀಗ ಮತ್ತು ಬೀಗದ ಕೈಯ ಸಂಬಂಧ ಅದು.

ಒದ್ದೆ ಪ್ಲೇಟು, ಒಣ ಪ್ಲೇಟು

ಈ ಡಬ್ಬಿಗೆ ಇಷ್ಟೊಂದು ಮಹತ್ವ ಬಂದದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1851ರಲ್ಲಿ ಲಂಡನ್ನಿನ ಶಿಲ್ಪಿ ಫ್ರೆಡರಿಕ್ ಸ್ಕಾಟ್ ಆರ್ಚರ್, ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದ. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಜಗತ್ತಿಗೇ ಬಿಟ್ಟುಕೊಟ್ಟು 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಅವನ ವಿಧಾನದಲ್ಲಿ ಚಿತ್ರ ಅದ್ಭುತವಾಗಿ ಬರುತ್ತಿತ್ತು. ಆದರೆ ಒಂದು ಷರತ್ತು: ಪ್ಲೇಟು ಒದ್ದೆಯಾಗಿರುವಾಗಲೇ ಎಲ್ಲ ಕೆಲಸವೂ ಮುಗಿಯಬೇಕು. ಗಾಜಿಗೆ ಲೇಪ ಕೊಟ್ಟು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ತೊಟ್ಟಿಕ್ಕುತ್ತಿರುವಾಗಲೇ ಹೋಲ್ಡರಿಗೆ ಹಾಕಿ, ಕ್ಯಾಮರಾದತ್ತ ಓಡಬೇಕು. ತೆಗೆದ ಮೇಲೆ ಮತ್ತೆ ಓಡಿಬಂದು ಸಂಸ್ಕರಿಸಬೇಕು. ನಮ್ಮ ಬೇಸಗೆಯಲ್ಲಿ ಆ ಲೇಪ ಒಣಗಲು ಎಷ್ಟು ಹೊತ್ತು ಬೇಕು? ಹಾಗಾಗಿ ಛಾಯಾಗ್ರಾಹಕ ಹೋದಲ್ಲೆಲ್ಲ ಕತ್ತಲೆಕೋಣೆಯೂ ಡೇರೆಯ ರೂಪದಲ್ಲಿ ಹಿಂದೆಯೇ ಹೋಗಬೇಕಿತ್ತು. 1863ರಿಂದ 1866ರವರೆಗೆ ಮೂರು ಬಾರಿ ಹಿಮಾಲಯ ಏರಿದ ಸ್ಯಾಮ್ಯುಯೆಲ್ ಬೋರ್ನ್ ಗಾಜು, ರಾಸಾಯನಿಕ, ಡೇರೆಗಳನ್ನು ಹೊರಲು ಹತ್ತಾರು ಕೂಲಿಗಳನ್ನು ಕರೆದೊಯ್ದಿದ್ದ. ಆ ಚಿತ್ರಗಳ ಕೆಳಗೆ ಬೋರ್ನನ ಹೆಸರಿದೆ. ಪ್ಲೇಟುಗಳನ್ನು ಒಡೆಯದಂತೆ ಹೊತ್ತು ತಂದವರ ಹೆಸರಿಲ್ಲ.

1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಕ್ಸ್, ಕೊಲೋಡಿಯನ್ ಬದಲು ಜೆಲಟಿನ್ ಬಳಸಬಹುದೆಂದು ತೋರಿಸಿದ. ಕೊಲೋಡಿಯನ್ ಕೆಲಸದ ಈಥರ್ ಆವಿಯಿಂದ ಅವನ ಆರೋಗ್ಯ ಕೆಟ್ಟದ್ದು ಈ ಹುಡುಕಾಟಕ್ಕೆ ಕಾರಣಗಳಲ್ಲೊಂದು. ಇತರರು ಅದನ್ನು ಸುಧಾರಿಸಿದರು. 1870ರ ದಶಕ ಮುಗಿಯುವ ಹೊತ್ತಿಗೆ ಕಾರ್ಖಾನೆಯಲ್ಲಿ ತಯಾರಾದ ಒಣ ಪ್ಲೇಟುಗಳು ಪೆಟ್ಟಿಗೆಗಳಲ್ಲಿ ಮಾರಾಟಕ್ಕೆ ಬಂದವು. ಇಲ್ಫರ್ಡ್ ಕಂಪನಿಯ ಮೂಲಪುರುಷ ಆಲ್ಫ್ರೆಡ್ ಹಾರ್ಮನ್ 1879ರಲ್ಲಿ ಆರಂಭಿಸಿದ್ದು ಇದೇ ಒಣ ಪ್ಲೇಟುಗಳ ತಯಾರಿಕೆಯನ್ನು. ಕೊಡಕ್‌ನ ಜಾರ್ಜ್ ಈಸ್ಟ್‌ಮನ್ ಕೂಡ ಮೊದಲು ಮಾರಿದ್ದು ಒಣ ಪ್ಲೇಟುಗಳನ್ನೇ.

ಹೋಲ್ಡರಿನ ಪಾತ್ರ ಬದಲಾದದ್ದು ಇಲ್ಲಿ. ಒದ್ದೆ ಪ್ಲೇಟಿನ ಕಾಲದಲ್ಲಿ ಅದು ಡೇರೆಯಿಂದ ಕ್ಯಾಮರಾದವರೆಗಿನ ನಾಲ್ಕು ಹೆಜ್ಜೆಯ ಸಾಗಣೆಗೆ ಸಾಕಾಗುವ ಪಾತ್ರೆ. ಒಣ ಪ್ಲೇಟು ಬಂದ ಮೇಲೆ ಬೆಳಿಗ್ಗೆ ತುಂಬಿಕೊಂಡು ಹೊರಟು, ಊರೂರು ಸುತ್ತಿ, ವಾರ ಬಿಟ್ಟು ಸಂಸ್ಕರಿಸಬಹುದಾದ ಬುತ್ತಿ. ಡೇರೆ ಮನೆಯಲ್ಲೇ ಉಳಿಯಿತು. ಕೂಲಿಗಳ ಸಾಲು ಕರಗಿತು. ಸಣ್ಣ ಪಟ್ಟಣದ ಛಾಯಾಗ್ರಾಹಕ ಒಂದು ಮುಕ್ಕಾಲಿ, ಒಂದು ಕ್ಯಾಮರಾ, ಮೂರು ಹೋಲ್ಡರುಗಳೊಂದಿಗೆ ಎತ್ತಿನಗಾಡಿ ಹತ್ತಿ ಜಾತ್ರೆಗೆ, ಮದುವೆಗೆ ಹೋಗುವಂತಾಯಿತು. ಫೋಟೊ ಎಂಬುದು ಸಾಹೇಬರ ಹವ್ಯಾಸದಿಂದ ನಮ್ಮ ನಡುಮನೆಯ ಗೋಡೆಗೆ ಇಳಿದುಬಂದ ದಾರಿ ಇದು.

ಹಂಪಿಯ ಸಾಕ್ಷಿ

ದೊಡ್ಡ ಕ್ಯಾಮರಾದ ಋಣ ಕರ್ನಾಟಕದ ಮೇಲೆ ಸಾಕಷ್ಟಿದೆ. 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು, ಬೇಲೂರುಗಳ ದೇವಾಲಯಗಳ ಚಿತ್ರ ತೆಗೆದ. ಬಿಗ್ಸ್, ಪಿಗೋ, ನೀಲ್ ಎಂಬ ಮೂವರ ಚಿತ್ರಗಳನ್ನು ಒಳಗೊಂಡ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಬರೆದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್.

ಎಲ್ಲಕ್ಕಿಂತ ಕುತೂಹಲಕರವಾದದ್ದು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನಿಕನ ಕತೆ. ಅವನು 1856ರ ಸುಮಾರಿಗೆ ಹಂಪಿಯಲ್ಲಿ ಚಿತ್ರ ತೆಗೆದ. ಅವನು ಬಳಸಿದ್ದು ಗಾಜಲ್ಲ, ಕಾಗದದ ನೆಗೆಟಿವ್. ಅಳತೆ ಮಾತ್ರ ಒಂದೂಕಾಲು ಅಡಿಗೂ ಮಿಗಿಲು. ಆ ಕಾಲದಲ್ಲಿ ಚಿತ್ರವನ್ನು ಹಿಗ್ಗಿಸಿ ಅಚ್ಚು ಹಾಕುವುದು ರೂಢಿಯಲ್ಲಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಆದ್ದರಿಂದಲೇ ಕ್ಯಾಮರಾ ಅಷ್ಟು ದೊಡ್ಡದಾಗಿರಬೇಕಿತ್ತು. ಆ ನೆಗೆಟಿವ್‌ಗಳು ಇಂಗ್ಲೆಂಡಿನಲ್ಲಿ ಸುಮಾರು ನೂರಿಪ್ಪತ್ತೈದು ವರ್ಷ ಯಾರ ಗಮನಕ್ಕೂ ಬಾರದೆ ಉಳಿದು, 1980ರ ಸುಮಾರಿಗೆ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಅವೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥ ಇಂದು ನಮಗೆಲ್ಲ ಪರಿಚಿತ. ಐವತ್ತು ರೂಪಾಯಿ ನೋಟಿನ ಮೇಲೂ ಇದೆ. ಆದರೆ ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ! ಅದು ಮುಂದೆ ಇಲ್ಲವಾಯಿತು. ಆ ದೊಡ್ಡ ಕಾಗದ ಉಳಿಯದೇ ಹೋಗಿದ್ದರೆ ಆ ಶಿಖರ ಹೇಗಿತ್ತೆಂದು ಇಷ್ಟು ಸ್ಪಷ್ಟವಾಗಿ ನಾವು ಕಾಣುತ್ತಿರಲಿಲ್ಲ.

ಹಾರ್ಮೋನಿಯಂ ಕೈ

ಇಂಗ್ಲೆಂಡಿನಲ್ಲಿ ತಯಾರಾದ ಮಹಾಗನಿ ಕ್ಯಾಮರಾಗಳು ಇಲ್ಲಿಯ ಹವೆಗೆ ಬೇಗ ಸೋಲುತ್ತಿದ್ದವು. ಮಳೆಗಾಲದಲ್ಲಿ ಮರ ಉಬ್ಬಿ ಹೋಲ್ಡರು ಒಳಗೇ ಕಚ್ಚಿಕೊಳ್ಳುವುದು, ಬೇಸಗೆಯಲ್ಲಿ ಕುಗ್ಗಿ ಬೆಳಕು ನುಸುಳುವುದು, ಅಂಟು ಬಿಡುವುದು, ಚರ್ಮಕ್ಕೆ ಬೂಷ್ಟು, ಮರಕ್ಕೆ ಗೆದ್ದಲು. ಅದಕ್ಕೆಂದೇ ಬ್ರಿಟಿಷ್ ತಯಾರಕರು ಉಷ್ಣದೇಶಗಳಿಗಾಗಿ ಪ್ರತ್ಯೇಕ ಮಾದರಿಗಳನ್ನು ಮಾಡಿದರು. ತೇಗದ ಮರ, ಮೂಲೆಮೂಲೆಗೂ ಹಿತ್ತಾಳೆಯ ಪಟ್ಟಿ, ಅಂಟಿನ ಜತೆಗೆ ಸ್ಕ್ರೂಗಳ ಬಿಗಿ. ಕೇಂಬ್ರಿಡ್ಜಿನ ಬಡಗಿ ಫ್ರೆಡರಿಕ್ ಸ್ಯಾಂಡರ್ಸನ್ 1895ರಲ್ಲಿ ಪೇಟೆಂಟ್ ಪಡೆದ ಕ್ಯಾಮರಾಕ್ಕೂ ಇಂಥ ತೇಗದ ಮಾದರಿಯಿತ್ತು. ಎತ್ತರದ ಕಟ್ಟಡಗಳು ಚಿತ್ರದಲ್ಲಿ ಹಿಂದಕ್ಕೆ ವಾಲಿದಂತೆ ಕಾಣಬಾರದೆಂದು, ಲೆನ್ಸಿನ ಹಲಗೆಯನ್ನು ಮೇಲೆ ಕೆಳಗೆ ಸರಿಸಿ ಓರೆ ಮಾಡುವ ಸೌಕರ್ಯವನ್ನು ಅವನು ರೂಪಿಸಿದ್ದ. ಗೋಪುರ ನೆಟ್ಟಗೆ ನಿಲ್ಲಬೇಕಾದರೆ ಇಂದಿಗೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ನಮ್ಮವರೂ ಸುಮ್ಮನಿರಲಿಲ್ಲ. ಕೇರಳದ ಆಲಪ್ಪುಳದಲ್ಲಿ ಸಂಗೀತ ವಾದ್ಯಗಳ ರಿಪೇರಿ ಅಂಗಡಿಯ ಕುಟುಂಬದ ಕೆ. ಕರುಣಾಕರನ್ ಎಂಬುವರ ಬಳಿಗೆ, 1940ರ ದಶಕದಲ್ಲಿ ಊರಿನ ಸ್ಟುಡಿಯೊದವರೊಬ್ಬರು ತಮ್ಮ ವಿದೇಶಿ ಕ್ಯಾಮರಾದ ಹರಿದ ತಿದಿಯನ್ನು ತಂದರು. ಹಾರ್ಮೋನಿಯಂ ತಿದಿ ಸರಿಮಾಡುವ ಕೈಗೆ ಇದು ಹೊಸತೇನೂ ಆಗಿರಲಿಲ್ಲ. ಅಲ್ಲಿ ಗಾಳಿ ಸೋರಬಾರದು, ಇಲ್ಲಿ ಬೆಳಕು ಸೋರಬಾರದು. ರಿಪೇರಿ ಗೆದ್ದಿತು. ಆಮೇಲೆ ಇಡೀ ಕ್ಯಾಮರಾವನ್ನೇ ಮಾಡುವ ಯೋಚನೆ ಬಂತು. 'ವಾಗೀಶ್ವರಿ' ಎಂಬ ಹೆಸರಿನ ಆ ತೇಗದ ಕ್ಯಾಮರಾಗಳು ದೇಶದ ಅನೇಕ ಸ್ಟುಡಿಯೊಗಳನ್ನು ಸೇರಿದವು. ಲೆನ್ಸು ಹೊರದೇಶದ್ದು, ಮರ, ತಿದಿ, ಹೋಲ್ಡರುಗಳ ಕೆಲಸ ಇಲ್ಲಿನದು. ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮರಾಗಳು ಹರಡಿದಂತೆ ಬೇಡಿಕೆ ಕುಗ್ಗಿ ತಯಾರಿಕೆ ನಿಂತುಹೋಯಿತು. ಆ ಕ್ಯಾಮರಾಗಳು ಮಾತ್ರ ಅಲ್ಲಲ್ಲಿ ಉಳಿದಿವೆ.

ಕೊಳ್ಳುವವರ ಗಮನಕ್ಕೆ

ಇಂಥ ಕ್ಯಾಮರಾವನ್ನು ಕೊಂಡು ಬಳಸಬೇಕೆನ್ನುವವರು ಪಾಲಿಷ್ ನೋಡಿ ಮರುಳಾಗಬಾರದು. ಮೊದಲು ಕೇಳಬೇಕಾದ ಪ್ರಶ್ನೆ ಹೋಲ್ಡರು ಇದೆಯೇ ಎಂಬುದು. ಇದ್ದರೆ ಅದನ್ನು ಕ್ಯಾಮರಾದ ಬೆನ್ನಿಗೆ ಕೂರಿಸಿ ನೋಡಬೇಕು. ಅಲುಗಾಡದೆ, ತಿಣುಕಾಡದೆ ಜಾರಿ ಕೂತರೆ ಅದು ಆ ಕ್ಯಾಮರಾದ್ದೇ. ಜಾರುಬಾಗಿಲು ಮಡಚುವ ಕಡೆ ಅಂಟಿಸಿದ ಬಟ್ಟೆ ಹರಿದಿದ್ದರೆ ಬೆಳಕು ನುಸುಳುತ್ತದೆ, ಅದನ್ನು ಸರಿಪಡಿಸಬಹುದು. ಇಡೀ ಹೋಲ್ಡರೇ ಇಲ್ಲದಿದ್ದರೆ ನುರಿತ ಬಡಗಿ ಹೊಸದನ್ನು ಮಾಡಿಕೊಡಬಲ್ಲ, ಆದರೆ ಒಂದು ಮಿಲಿಮೀಟರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬಡಗಿ ಬೇಕು.

ಎರಡನೆಯದು ಅಳತೆ. ಬ್ರಿಟಿಷ್ ಪದ್ಧತಿಯ ಫುಲ್ ಪ್ಲೇಟು ಆರೂವರೆ ಅಂಗುಲಕ್ಕೆ ಎಂಟೂವರೆ ಅಂಗುಲ. ಕ್ವಾರ್ಟರ್ ಪ್ಲೇಟು ಮೂರೂಕಾಲಕ್ಕೆ ನಾಲ್ಕೂಕಾಲು, ಅಂದರೆ ಸರಿಯಾಗಿ ಕಾಲು ಭಾಗ. ಹಾಫ್ ಪ್ಲೇಟು ಮಾತ್ರ ಹೆಸರಿಗೆ ಅರ್ಧ. ಅದರ ಅಳತೆ ನಾಲ್ಕೂಮುಕ್ಕಾಲಕ್ಕೆ ಆರೂವರೆ. ಫುಲ್ ಪ್ಲೇಟನ್ನು ನಡುವೆ ಕತ್ತರಿಸಿದರೆ ಹಾಫ್ ಪ್ಲೇಟಿನ ಹೋಲ್ಡರಿಗೆ ಅರ್ಧ ಅಂಗುಲ ಕಡಿಮೆ ಬೀಳುತ್ತದೆ. ಅಳೆಯುವ ಪಟ್ಟಿ ಜೇಬಿನಲ್ಲಿರಲಿ.

ಮೂರನೆಯದು ಮಬ್ಬುಗಾಜು. ಒಡೆದದ್ದನ್ನು ಯಾರೋ ಬದಲಿಸಿ, ಒರಟು ಮುಖವನ್ನು ಹೊರಗೆ ಮಾಡಿ ಕೂರಿಸಿರುವುದುಂಟು. ಒರಟು ಮುಖ ಲೆನ್ಸಿನ ಕಡೆಗೇ ಇರಬೇಕು. ಇಲ್ಲದಿದ್ದರೆ ಗಾಜಿನ ದಪ್ಪದಷ್ಟು ಫೋಕಸ್ ತಪ್ಪುತ್ತದೆ. ತಿದಿಯ ಪರೀಕ್ಷೆಗೆ ಕತ್ತಲ ಕೋಣೆಯಲ್ಲಿ ಒಳಗೆ ಟಾರ್ಚ್ ಹಚ್ಚಿ ಹೊರಗಿನಿಂದ ನೋಡಿದರಾಯಿತು, ತೂತುಗಳು ನಕ್ಷತ್ರಗಳಂತೆ ಮಿನುಗುತ್ತವೆ. ಕಪ್ಪು ಬಟ್ಟೆ, ಅಂಟು ಸಾಕು. ಇಡೀ ತಿದಿ ಸತ್ತಿದ್ದರೆ ಹಾರ್ಮೋನಿಯಂ ರಿಪೇರಿಯವರನ್ನು ಕಾಣಬಹುದು. ಹೋಲ್ಡರಿನ ಒಳಗೆ ಕಪ್ಪು ಕಂದು ಕಲೆಗಳಿದ್ದು, ಮೂಲೆಗಳಲ್ಲಿ ಬೆಳ್ಳಿತಂತಿ ಅಥವಾ ಗಾಜಿನ ತುಂಡು ಕಂಡರೆ ಎಚ್ಚರವಹಿಸಿ. ಅದು ಒದ್ದೆ ಪ್ಲೇಟಿನ ಕಾಲದ್ದು, ಕಲೆ ಸಿಲ್ವರ್ ನೈಟ್ರೇಟಿನದು. ಅದನ್ನು ಉಜ್ಜಿ ತೊಳೆಯಬೇಡಿ. ಅದು ಆ ಹೋಲ್ಡರಿನ ವಯಸ್ಸಿನ ದಾಖಲೆ.

ಪ್ಲೇಟು ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಪ್ರಶ್ನೆ. ಗಾಜಿನ ಬದಲು ಹಾಳೆ ಫಿಲ್ಮನ್ನು ಬಳಸಬಹುದು. ಆದರೆ ಗಾಜು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ, ಫಿಲ್ಮು ಅದರ ಏಳರಲ್ಲಿ ಒಂದು ಪಾಲಿನಷ್ಟು ತೆಳು. ಗಾಜಿನ ಹೋಲ್ಡರಿನಲ್ಲಿ ಅದು ಬಾಗಿ ಬೀಳುತ್ತದೆ. ಅದನ್ನು ಚಪ್ಪಟೆಯಾಗಿ ಹಿಡಿಯುವ ಲೋಹದ ತಗಡುಕವಚಗಳಿದ್ದವು. ಹಳೆಯ ಹೋಲ್ಡರಿನೊಳಗೆ ಕಪ್ಪು ತಗಡಿನ ಹಾಳೆ ಸಿಕ್ಕರೆ ಎಸೆಯಬೇಡಿ. ಅನೇಕ ಹವ್ಯಾಸಿಗಳು ಆಸ್ಪತ್ರೆಯ ಎಕ್ಸ್‌ರೇ ಫಿಲ್ಮನ್ನು ಕತ್ತರಿಸಿ ಬಳಸುತ್ತಾರೆ. ಅದಕ್ಕೆ ಕೆಂಪು ಬೆಳಕು ತಾಗುವುದಿಲ್ಲವಾದ್ದರಿಂದ ಕೆಂಪು ದೀಪದಲ್ಲೇ ಕೆಲಸ ಮಾಡಬಹುದು. ಎರಡೂ ಮುಖಕ್ಕೆ ಲೇಪವಿರುವುದರಿಂದ ಗೀರು ಬೀಳದಂತೆ ಮಾತ್ರ ನೋಡಿಕೊಳ್ಳಬೇಕು. ಫೋಟೊ ಅಚ್ಚಿನ ಕಾಗದವನ್ನೇ ನೆಗೆಟಿವ್ ಆಗಿ ಬಳಸುವ ದಾರಿಯೂ ಇದೆ. ಬೀದಿಬದಿಯ ಮಿನಿಟ್ ಕ್ಯಾಮರಾದವರು ಮಾಡುತ್ತಿದ್ದುದು ಅದನ್ನೇ. ಕೆಂಪು ಕಾಣದ ಇಂಥ ಲೇಪದಲ್ಲಿ ಹಣೆಯ ಕುಂಕುಮ ಕಪ್ಪಾಗಿಯೂ ನೀಲಿ ಆಕಾಶ ಬಿಳಿಯಾಗಿಯೂ ಬರುತ್ತದೆ. ಅಜ್ಜಿಯ ಹಳೆಯ ಫೋಟೊದಲ್ಲಿ ಕುಂಕುಮ ಅಷ್ಟು ಕಪ್ಪಾಗಿ ಕಾಣುವುದು ಏಕೆಂಬುದಕ್ಕೆ ಉತ್ತರವೂ ಇಲ್ಲಿದೆ.

ಗಾಜಿನಲ್ಲಿ ಉಳಿದವರು

ಒಂದು ಫುಲ್ ಪ್ಲೇಟಿನ ವಿಸ್ತೀರ್ಣ, ಮದುವೆಮನೆಗಳಲ್ಲಿ ನಾವೆಲ್ಲ ಕಂಡ 35 ಮಿಲಿಮೀಟರ್ ಫಿಲ್ಮಿನ ಒಂದು ಚೌಕದ ಸುಮಾರು ನಲವತ್ತು ಪಟ್ಟು. ಅದರಲ್ಲಿ ಸೀರೆಯ ಅಂಚಿನ ಎಳೆ, ಹಿಂದಿನ ಗೋಡೆಯ ಕ್ಯಾಲೆಂಡರಿನ ಅಕ್ಷರ ಎಲ್ಲವೂ ಇರುತ್ತವೆ. ಗಾಜು ಕಾಗದದಂತೆ ಕುಗ್ಗುವುದಿಲ್ಲ, ಫಿಲ್ಮಿನಂತೆ ಸುರುಳಿಯಾಗುವುದಿಲ್ಲ. ವಿಜ್ಞಾನಿಗಳು ಗಾಜನ್ನು ನೆಚ್ಚಿಕೊಂಡದ್ದು ಇದೇ ಗುಣಕ್ಕೆ. ಕೊಡೈಕೆನಾಲ್ ಸೌರ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ಗಾಜಿನ ಪ್ಲೇಟುಗಳ ಮೇಲೆ ತೆಗೆದು ಕಾಪಾಡಿಕೊಂಡು ಬಂದರು. 1909ರಲ್ಲಿ ಜಾನ್ ಎವರ್‌ಶೆಡ್ ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡದ್ದು ಅಲ್ಲಿಯೇ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಆ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸಿ ಜಗತ್ತಿನ ಸಂಶೋಧಕರಿಗೆ ಒದಗಿಸಿದೆ. ನೂರು ವರ್ಷ ಹಿಂದಿನ ಸೂರ್ಯನನ್ನು ಇಂದಿನ ಪ್ರಶ್ನೆಗಳೊಡನೆ ಮತ್ತೆ ನೋಡಲು ಸಾಧ್ಯವಾಗಿರುವುದು, ಯಾರೋ ಆ ಗಾಜುಗಳನ್ನು ಬಿಸಾಡದೆ ಜೋಡಿಸಿಟ್ಟದ್ದರಿಂದ.

ಸೂರ್ಯನಿಗೆ ಸಿಕ್ಕ ಈ ಭಾಗ್ಯ ನಮ್ಮ ಊರಿನ ಜನರಿಗೆ ಸಿಗಲಿಲ್ಲ. ಹಳೆಯ ಸ್ಟುಡಿಯೊ ಮುಚ್ಚುವಾಗ ಮೊದಲು ಮಾರಾಟವಾಗುವುದು ಲೆನ್ಸು, ಆಮೇಲೆ ಪೆಟ್ಟಿಗೆ. ಗಾಜಿನ ನೆಗೆಟಿವ್‌ಗಳ ಲೇಪವನ್ನು ಬಿಸಿನೀರಿನಲ್ಲಿ ಕೆರೆದು ತೆಗೆದು, ಗಾಜನ್ನು ಫೋಟೊ ಚೌಕಟ್ಟಿಗೋ ಕಿಟಕಿಗೋ ಬಳಸಿದ್ದುಂಟು. ಆ ಜೆಲಟಿನ್ ಪದರದ ಜತೆ ತೊಳೆದುಹೋದದ್ದು ಮದುಮಕ್ಕಳ ಮುಖ, ಶಾಲೆಯ ವಾರ್ಷಿಕೋತ್ಸವ, ಆಮೇಲೆ ಬಿದ್ದುಹೋದ ಊರಬಾಗಿಲು.

ನಿಮ್ಮ ಊರಿನಲ್ಲಿ ಹಳೆಯ ಸ್ಟುಡಿಯೊ ಇದ್ದರೆ, ಅಟ್ಟದ ಮೇಲೆ ಭಾರವಾದ, ಚಿಕ್ಕ ಚಿಕ್ಕ ರಟ್ಟಿನ ಪೆಟ್ಟಿಗೆಗಳಿವೆಯೇ ಎಂದು ಒಮ್ಮೆ ವಿಚಾರಿಸಿ. ಅಂಚಿನಲ್ಲಷ್ಟೇ ಹಿಡಿದು ಪ್ಲೇಟನ್ನು ಎತ್ತಿ. ಮಂಕಾದ ಲೇಪದ ಮುಖವನ್ನು ಮುಟ್ಟಬೇಡಿ, ಒರೆಸಬೇಡಿ. ಒಂದೊಂದನ್ನೂ ತೆಳು ಕಾಗದದಲ್ಲಿ ಸುತ್ತಿ, ಮಲಗಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಬಣ್ಣ ತಿರುಗಿಸಿದರೆ ಸಾಕು, ಅಲ್ಲಿ ಯಾರಿದ್ದಾರೆಂದು ಕಾಣುತ್ತದೆ. ಗುರುತಿಸುವ ಹಿರಿಯರು ಇನ್ನೂ ಇರುವಾಗಲೇ ಹೆಸರು ಬರೆಸಿಕೊಳ್ಳಿ.

ಅಂಗಡಿಯ ಆ ಕ್ಯಾಮರಾವನ್ನು ನಾನು ಕೊಳ್ಳಲಿಲ್ಲ. ಹೊರಡುವಾಗ, ಮುಂದೆ ಇಂಥ ಚಪ್ಪಟೆ ಡಬ್ಬಿ ಬಂದರೆ ಎಸೆಯಬೇಡಿ, ಕ್ಯಾಮರಾಕ್ಕೇ ಕಟ್ಟಿಡಿ, ಒಳಗೆ ಗಾಜಿದೆಯೇ ನೋಡಿ ಎಂದು ಹೇಳಿ ಬಂದೆ. 'ಅದರೊಳಗೆ ಗಾಜೂ ಇತ್ತು ಸಾರ್, ಒಂದೆರಡರಲ್ಲಿ,' ಎಂದರು ಅಂಗಡಿಯವರು. 'ಕಪ್ಪಗಿತ್ತು. ಏನೂ ಕಾಣ್ತಿರಲಿಲ್ಲ.'